78ರ ಮಾವನಿಗೆ 69ರ ರಿಪೋರ್ಟು

ಮದ್ದು ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಬೆಳಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನವರಿಗೆ ಇದು ಹೊಸದಲ್ಲ. ಹೊರಗಿನಿಂದ ಬಂದ ಅಳಿಯಂದಿರು, ಹೋಮ್‌ಸ್ಟೇಯಲ್ಲಿ ಉಳಿದ ಪ್ರವಾಸಿಗರು ಮಾತ್ರ ಗಾಬರಿಯಾಗುತ್ತಾರೆ. ಆಗಸ್ಟ್ 3ರ ಸುಮಾರಿಗೆ ಆಟಿ 18, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ ಬರುತ್ತದೆ. ಕೊಡವರಿಗೆ ಅದು ಕಕ್ಕಡ ಪದಿನೆಟ್ಟ್. ಆ ದಿನ ಈ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದಿನ ಗುಣ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆಯಾಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು. ಬೆಳಗ್ಗೆ ಬಣ್ಣ ಕಂಡರೆ ‘ಮದ್ದು ಮೈಗೆ ಹಿಡಿಯಿತು’ ಅನ್ನುತ್ತಾರೆ.

ನನ್ನ ಸೋದರಮಾವನ ಮನೆ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ. ರೋಬಸ್ಟಾ ತೋಟ, ಮರಗಳಿಗೆ ಹಬ್ಬಿದ ಕಾಳುಮೆಣಸು. ಅತ್ತೆ ಹೋಗಿ ನಾಲ್ಕು ವರ್ಷ ಆಯಿತು. ಮಗ, ಸೊಸೆ ಬೆಂಗಳೂರಲ್ಲಿ. ಕಳೆದ ಆಟಿ 18ಕ್ಕೆ ಹೋದಾಗ ಮಾವ ಪಾಯಸದ ಬಟ್ಟಲಿನ ಜೊತೆ ಒಂದು ಪ್ಲಾಸ್ಟಿಕ್ ಫೈಲನ್ನೂ ಮುಂದಿಟ್ಟರು. ಮಗ ಆನ್‌ಲೈನಲ್ಲಿ ಎರಡು ಕಿಟ್ ತರಿಸಿದ್ದನಂತೆ. ಒಂದಕ್ಕೆ ಉಗುಳು, ಇನ್ನೊಂದಕ್ಕೆ ಮಲದ ಸ್ಯಾಂಪಲ್. ಆರು ವಾರಕ್ಕೆ ಬಣ್ಣಬಣ್ಣದ ರಿಪೋರ್ಟ್ ಬಂತು. ಮಾವನಿಗೆ 78. ಉಗುಳಿನಿಂದ ಡಿಎನ್‌ಎ ತುದಿಯ ಉದ್ದ ಅಳೆದ ಟೆಲೊಮಿಯರ್ ರಿಪೋರ್ಟ್ ಪ್ರಕಾರ ‘ಜೈವಿಕ ವಯಸ್ಸು’ 69. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ನೂರಕ್ಕೆ 54 ಅಂಕ. ಕೊನೇ ಪುಟದಲ್ಲಿ ಮೂರು ತಿಂಗಳಿಗಾಗುವ ಮಾತ್ರೆಗಳ ಪಟ್ಟಿ, ಅದನ್ನೂ ಅವರೇ ಮಾರುತ್ತಾರೆ.

“ಒಂದರಲ್ಲಿ ಒಂಬತ್ತು ವರ್ಷ ಲಾಭ. ಇನ್ನೊಂದರಲ್ಲಿ ಅಂತೂ ಪಾಸು. ನೀನು ಇದನ್ನೇ ಓದಿದ್ದಲ್ವಾ, ಇದೆಂತ ನೋಡು ಮಾರಾಯ” ಅಂದರು.

ಜೀವಶಾಸ್ತ್ರ ಓದಿ ಮೂವತ್ತು ವರ್ಷವಾದರೂ ನಮ್ಮ ಮನೆಗಳಲ್ಲಿ ಈ ಕೆಲಸ ನನಗೆ ತಪ್ಪಿದ್ದಲ್ಲ. ಮೊದಲು ನೆನಪಾದದ್ದು ಪಾಯಸದ ಬಣ್ಣವೇ. ಬಣ್ಣ ಸುಳ್ಳಲ್ಲ. ಸೊಪ್ಪಿನಲ್ಲಿದ್ದ ಏನೋ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗಿ ಹೊರಗೆ ಬಂದಿದೆ. ಅಷ್ಟನ್ನು ಅದು ಖಂಡಿತ ಹೇಳುತ್ತದೆ. ಆಯಸ್ಸು ಹೆಚ್ಚಿತು ಅಂತ ಹೇಳುವುದಿಲ್ಲ. ಮಾವನ ಫೈಲಿನ ಅಂಕಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅದರ ಹಿಂದಿರುವ ವಿಜ್ಞಾನ ಮಾತ್ರ ಅಪ್ಪಟ ಚಿನ್ನ. ಅದನ್ನು ಮೊದಲು ಹೇಳುತ್ತೇನೆ.

ಕೆರೆಯ ನೀರಿನಿಂದ ನೊಬೆಲ್‌ವರೆಗೆ

ಎಲಿಜಬೆತ್ ಬ್ಲ್ಯಾಕ್‌ಬರ್ನ್ ಹುಟ್ಟಿದ್ದು 1948ರಲ್ಲಿ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಡಿಎನ್‌ಎ ಓದುವ ವಿದ್ಯೆಯ ಗುರು ಫ್ರೆಡ್ ಸ್ಯಾಂಗರ್ ಹತ್ತಿರ ಪಿಎಚ್‌ಡಿ ಮಾಡಿದರು. ಆಮೇಲೆ ಅಮೆರಿಕದ ಯೇಲ್‌ಗೆ ಹೋಗಿ ಜೋಸೆಫ್ ಗಾಲ್ ಅವರ ಲ್ಯಾಬ್ ಸೇರಿದರು. ಅಲ್ಲಿ ಅವರು ಹಿಡಿದದ್ದು ಟೆಟ್ರಾಹೈಮಿನಾ ಎಂಬ ಜೀವಿಯನ್ನು. ನಮ್ಮ ತೋಟದ ಕೆರೆಗಳಂಥ ನಿಂತ ನೀರಿನಲ್ಲಿ ಇರುವಂಥದ್ದು, ಒಂದೇ ಜೀವಕೋಶ, ಮೈಗೆಲ್ಲ ಸಣ್ಣ ರೋಮ. ಇದರಿಂದ ಮನುಷ್ಯನಿಗೆ ಏನು ಉಪಯೋಗ ಅಂತ ಆಗ ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವೇ ಇತ್ತು.

ಅದನ್ನೇ ಯಾಕೆ ಹಿಡಿದರು? ಡಿಎನ್‌ಎ ದಾರ ಸುತ್ತಿಕೊಂಡು ಆದ ಕಟ್ಟು ಕ್ರೋಮೊಸೋಮ್. ನಮ್ಮ ಜೀವಕೋಶದಲ್ಲಿ ಅಂಥವು 46, ಅಂದರೆ ತುದಿಗಳು ಬರೀ 92. ಈ ಪುಟ್ಟ ಜೀವಿಯಲ್ಲಾದರೆ ತುಂಡು ತುಂಡಾದ ಸಣ್ಣ ಕ್ರೋಮೊಸೋಮ್‌ಗಳು ಸಾವಿರಾರು. ತುದಿ ಹೇಗಿರುತ್ತದೆ ಅಂತ ನೋಡಬೇಕಾದವರು ತುದಿ ಜಾಸ್ತಿ ಇರುವ ಕಡೆಗೆ ಹೋಗಬೇಕು, ಅಲ್ವಾ? 1978ರಲ್ಲಿ ಬ್ಲ್ಯಾಕ್‌ಬರ್ನ್ ಮತ್ತು ಗಾಲ್ ಫಲಿತಾಂಶ ಪ್ರಕಟಿಸಿದರು. ತುದಿಯಲ್ಲಿ ಟಿಟಿಜಿಜಿಜಿಜಿ ಎಂಬ ಆರು ಅಕ್ಷರ ಮತ್ತೆ ಮತ್ತೆ ಬರುತ್ತಿತ್ತು, ಮಗು ಒಂದೇ ಮಗ್ಗಿ ಸಾಲನ್ನು ಪುಟ ತುಂಬ ಬರೆದ ಹಾಗೆ. ಅದರಲ್ಲಿ ಯಾವ ಪ್ರೋಟೀನ್‌ನ ಮಾಹಿತಿಯೂ ಇಲ್ಲ. ಮನುಷ್ಯನಲ್ಲಿ ಅದು ಟಿಟಿಎಜಿಜಿಜಿ, ಒಂದಕ್ಷರದ ವ್ಯತ್ಯಾಸ ಅಷ್ಟೆ. ಈ ತುದಿಯೇ ಟೆಲೊಮಿಯರ್. ಆ ಹೆಸರು ಮಾತ್ರ ಹಳೆಯದು, 1938ರಲ್ಲಿ ಹರ್ಮನ್ ಮುಲ್ಲರ್ ಇಟ್ಟದ್ದು.

ಈ ಖಾಲಿ ಸಾಲು ಯಾಕೆ ಬೇಕು ಅನ್ನೋದಕ್ಕೆ ಗದ್ದೆಯನ್ನು ನೆನೆಸಿಕೊಳ್ಳಿ. ಟಿಲ್ಲರ್ ಹಾಕಿ ಉಳುವಾಗ ಮೂಲೆ ಸಿಗುವುದಿಲ್ಲ. ಯಂತ್ರ ನಿಂತ ಜಾಗ, ತಿರುಗಿದ ಜಾಗ ಉಳಿದುಬಿಡುತ್ತದೆ. ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೂ ಇದೇ ಕಷ್ಟ. ಶುರು ಮಾಡಲು ಕಾಲೂರುವುದಕ್ಕೆ ಒಂದಿಷ್ಟು ಜಾಗ ಬೇಕು. ಒಂದು ಎಳೆಯ ಕೊನೆಯಲ್ಲಿ ಆ ಜಾಗವೇ ನಕಲಾಗದೆ ಉಳಿಯುತ್ತದೆ. ಗದ್ದೆಯ ಮೂಲೆಯನ್ನು ಗುದ್ದಲಿ ಹಿಡಿದು ಸರಿಮಾಡುವವರು ಇಲ್ಲದಿದ್ದರೆ ಪ್ರತಿ ವರ್ಷ ಬೇಸಾಯದ ಜಾಗ ಒಂದಿಷ್ಟು ಕಿರಿದಾಗುತ್ತದೆ. ಜೀವಕೋಶ ಒಂದು ಎರಡಾಗುವಾಗಲೆಲ್ಲ ತುದಿಯಿಂದ 50ರಿಂದ 200 ಅಕ್ಷರ ಹೀಗೆ ಕಳೆದುಹೋಗುತ್ತವೆ. ಟೆಲೊಮಿಯರ್ ಇರುವ ತನಕ ಚಿಂತೆಯಿಲ್ಲ, ಹೋಗುವುದು ಖಾಲಿ ಸಾಲು ತಾನೇ. ಅದು ತೀರಾ ಗಿಡ್ಡವಾದಾಗ ಜೀವಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ, ಇಲ್ಲವೇ ಸಾಯುತ್ತದೆ.

1961ರಲ್ಲೇ ಫಿಲಡೆಲ್ಫಿಯಾದಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಇದರ ಪರಿಣಾಮವನ್ನು ಕಂಡಿದ್ದರು, ಕಾರಣ ಗೊತ್ತಿರಲಿಲ್ಲ. ಮನುಷ್ಯನ ಜೀವಕೋಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಐವತ್ತು ಸಲದ ಆಸುಪಾಸಿನಲ್ಲಿ ಒಡೆದು ನಿಂತುಬಿಡುತ್ತಿತ್ತು. ಅಲ್ಲಿಯ ತನಕ ಜೀವಕೋಶಕ್ಕೆ ಸಾವಿಲ್ಲ ಅಂತಲೇ ಪಾಠ ಇತ್ತು. ಕಾರಣ ಊಹಿಸಿದವರಲ್ಲಿ ರಷ್ಯಾದ ಅಲೆಕ್ಸಿ ಓಲೋವ್ನಿಕೋವ್ ಒಬ್ಬರು. ಮಾಸ್ಕೋದ ಮೆಟ್ರೋ ಸ್ಟೇಷನ್ನಿನಲ್ಲಿ ರೈಲು ನೋಡುತ್ತಾ ಹೊಳೆದದ್ದಂತೆ. 1971ರಲ್ಲಿ ಬರೆದರು. ಬರೆದದ್ದು ರಷ್ಯನ್ನಿನಲ್ಲಿ, ಓದಿದವರು ಕಡಿಮೆ.

ಹಾಗಾದರೆ ಟೆಟ್ರಾಹೈಮಿನಾ ಯಾಕೆ ಸವೆದುಹೋಗುವುದಿಲ್ಲ? ಮೂಲೆಗೆ ಗುದ್ದಲಿ ಹಿಡಿಯುವವರು ಯಾರೋ ಇರಬೇಕು. ಬ್ಲ್ಯಾಕ್‌ಬರ್ನ್ ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ ಅದನ್ನು ಹುಡುಕಲು ಕೂತರು. 1984ರ ಕ್ರಿಸ್ಮಸ್ ದಿನ ಲ್ಯಾಬಿಗೆ ಹೋಗಿ ಎಕ್ಸ್‌ರೇ ಫಿಲ್ಮ್ ತೊಳೆದು ನೋಡಿದಾಗ ಆರಾರು ಅಕ್ಷರದ ಅಂತರದಲ್ಲಿ ಏಣಿ ಮೆಟ್ಟಿಲಿನ ಹಾಗೆ ಗೆರೆಗಳು ಮೂಡಿದ್ದವು. ಯಾವುದೋ ಕಿಣ್ವ ತುದಿಗೆ ಅಕ್ಷರ ಸೇರಿಸುತ್ತಿತ್ತು. ಅದಕ್ಕೆ ಟೆಲೊಮರೇಸ್ ಅಂತ ಹೆಸರಾಯಿತು. ಗ್ರೈಡರ್‌ಗೆ ಆಗ 23 ವರ್ಷ. ಇವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್‌ಗೂ 2009ರ ವೈದ್ಯಕೀಯ ನೊಬೆಲ್ ಬಂತು. ಕೆರೆಯ ಜೀವಿಯ ತುದಿಯನ್ನು ತಂದು ಯೀಸ್ಟಿನ ಡಿಎನ್‌ಎಗೆ ಹಚ್ಚಿದರೂ ಅದು ಕಾಪಾಡುತ್ತದೆ ಅಂತ ತೋರಿಸಿದ್ದು ಶೋಸ್ಟಾಕ್ ಮತ್ತು ಬ್ಲ್ಯಾಕ್‌ಬರ್ನ್, 1982ರಲ್ಲಿ.

ಗುರು ಶಿಷ್ಯೆ ಬೇರೆಯಾದ ಜಾಗ

ಟೆಲೊಮಿಯರ್ ಪೇಪರಿಗೆ, ಟಿವಿಗೆ ಬಂದದ್ದು 2004ರಲ್ಲಿ. ಎಲಿಸಾ ಎಪೆಲ್, ಬ್ಲ್ಯಾಕ್‌ಬರ್ನ್ ಮತ್ತು ಜೊತೆಗಾರರು 58 ತಾಯಂದಿರ ರಕ್ತ ಪರೀಕ್ಷಿಸಿದ್ದರು. ಇವರಲ್ಲಿ ಹೆಚ್ಚಿನವರು ಕಾಯಿಲೆಯ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವರು. ತಮಗೆ ತುಂಬಾ ಒತ್ತಡ ಇದೆ ಅಂದ ತಾಯಂದಿರ ಬಿಳಿ ರಕ್ತಕಣಗಳಲ್ಲಿ ಟೆಲೊಮಿಯರ್ ಗಿಡ್ಡವಾಗಿತ್ತು, ಟೆಲೊಮರೇಸ್ ಕೂಡ ಕಡಿಮೆ ಇತ್ತು. ಮನಸ್ಸಿನ ಭಾರ ಡಿಎನ್‌ಎ ತುದಿಯಲ್ಲಿ ಕಾಣುತ್ತದೆ ಅಂದರೆ ಯಾರಿಗೆ ಆಸಕ್ತಿ ಹುಟ್ಟುವುದಿಲ್ಲ! ನಿದ್ದೆ, ವ್ಯಾಯಾಮ, ಊಟ, ಧ್ಯಾನ ಎಲ್ಲಕ್ಕೂ ಟೆಲೊಮಿಯರ್ ಅಳೆದು ನೋಡುವ ಕಾಲ ಶುರುವಾಯಿತು.

2010ರಲ್ಲಿ ಬ್ಲ್ಯಾಕ್‌ಬರ್ನ್ ತಾವೇ ಕೆಲವರ ಜೊತೆ ಸೇರಿ ಟೆಲೊಮಿಯರ್ ಅಳೆಯುವ ಕಂಪನಿ ಹುಟ್ಟುಹಾಕಿದರು. ಗ್ರೈಡರ್ ಮಾತ್ರ ಇದರಿಂದ ದೂರ ನಿಂತರು. ಜನರು ದುಡ್ಡು ಕೊಟ್ಟು ತಮ್ಮ ಟೆಲೊಮಿಯರ್ ಉದ್ದ ತಿಳಿದುಕೊಂಡು ಮಾಡುವುದೇನು ಅನ್ನುವುದು ಅವರ ಪ್ರಶ್ನೆ. ಒಂದೇ ಸಂಶೋಧನೆಗೆ ನೊಬೆಲ್ ಹಂಚಿಕೊಂಡ ಗುರು, ಶಿಷ್ಯೆ ಇಬ್ಬರೂ ಒಪ್ಪದ ಜಾಗ ಇದು. ನಾನು ಶಿಷ್ಯೆಯ ಪಕ್ಷ. ಕಾರಣ ಇದೆ.

ಮೊದಲನೆಯದು, ಅಳತೆಯದ್ದೇ ತೊಂದರೆ. ಇಂಥ ಕಿಟ್‌ಗಳು ಸಾಮಾನ್ಯವಾಗಿ ಕೊಡುವುದು ಸರಾಸರಿ. ಉಗುಳಿನಲ್ಲಿ ಬಿಳಿ ರಕ್ತಕಣವೂ ಇರುತ್ತದೆ, ಕೆನ್ನೆಯ ಒಳಗಿನ ಜೀವಕೋಶವೂ ಇರುತ್ತದೆ. ಎಲ್ಲವನ್ನೂ ಅರೆದು ಒಂದು ಅಂಕಿ ಮಾಡುತ್ತಾರೆ. ಜೀವಕೋಶ ನಿಲ್ಲುವುದು ಸರಾಸರಿ ನೋಡಿ ಅಲ್ಲ. 92 ತುದಿಗಳಲ್ಲಿ ಕೆಲವೇ ತೀರಾ ಗಿಡ್ಡವಾದರೂ ಅದಕ್ಕೆ ಸಾಕು. ಇದನ್ನು ಇಲಿಗಳಲ್ಲಿ ತೋರಿಸಿದ್ದೂ ಗ್ರೈಡರ್ ಅವರ ಲ್ಯಾಬೇ, 2001ರಲ್ಲಿ. ಮಾವನಿಗೆ ಹೇಳಿದೆ: “ಏಣಿಯ ಮೆಟ್ಟಿಲುಗಳು ಸರಾಸರಿ ಗಟ್ಟಿ ಅಂದ್ರೆ ನೀವು ಮೆಣಸು ಕುಯ್ಯಕ್ಕೆ ಆಳನ್ನ ಹತ್ತಿಸ್ತೀರಾ ಮಾವ?” ಅವರು ನಕ್ಕರು, ಫೈಲು ಮಾತ್ರ ಮುಚ್ಚಲಿಲ್ಲ.

ಎರಡನೆಯದು, ಒಂದೇ ವಯಸ್ಸಿನ ಇಬ್ಬರಲ್ಲಿ ಟೆಲೊಮಿಯರ್ ಉದ್ದ ತುಂಬಾ ಬೇರೆ ಇರುತ್ತದೆ. ಹುಟ್ಟುವಾಗಲೇ ಬೇರೆ ಇರುತ್ತದೆ. 69 ಅನ್ನುವ ಅಂಕಿ ಬಂದದ್ದು, ಈ ಉದ್ದ ಸರಾಸರಿ ಯಾವ ವಯಸ್ಸಿನವರಲ್ಲಿ ಇರುತ್ತದೆ ಅಂತ ಒಂದು ಗೆರೆಯ ಮೇಲೆ ನೋಡಿ. ಮಾವ ಹುಟ್ಟುವಾಗಲೇ ಉದ್ದ ದಾರ ತಂದವರೋ, ಆಮೇಲೆ ಉಳಿಸಿಕೊಂಡವರೋ ಅದರಿಂದ ಗೊತ್ತಾಗುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವುದೇ ಸುಳ್ಳು. ಲ್ಯಾಬಿನ ಇಲಿಗಳ ಟೆಲೊಮಿಯರ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಉದ್ದ. ಅವು ಬದುಕುವುದು ಎರಡು ಮೂರು ವರ್ಷ. ಮನುಷ್ಯರಲ್ಲಿ ನೂರಕ್ಕೆ 85ರಿಂದ 90ರಷ್ಟು ಕ್ಯಾನ್ಸರ್‌ಗಳು ಸಾಯದೆ ಬೆಳೆಯುವುದು ಇದೇ ಟೆಲೊಮರೇಸನ್ನು ಎಬ್ಬಿಸಿಕೊಂಡು. 2023ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಮೇರಿ ಅರ್ಮೇನಿಯಸ್ ತಂಡ ಪಿಒಟಿ1 ಎಂಬ ಜೀನ್‌ನ ಬದಲಾವಣೆಯಿಂದ ಅತಿ ಉದ್ದದ ಟೆಲೊಮಿಯರ್ ಇರುವ ಕುಟುಂಬಗಳನ್ನು ನೋಡಿತು. ಅವರು ಯೌವನವಾಗಿ ಉಳಿದಿರಲಿಲ್ಲ. ಗೆಡ್ಡೆಗಳು ಜಾಸ್ತಿ, ರಕ್ತಕಣಗಳಲ್ಲಿ ತಪ್ಪು ಸೇರಿಕೊಂಡು ಬೆಳೆಯುವುದು ಜಾಸ್ತಿ. ತೀರಾ ಗಿಡ್ಡವಾದರೂ ಕಷ್ಟವೇ. ಮೂಳೆಯ ಮಜ್ಜೆ ಸೋಲುವ, ಶ್ವಾಸಕೋಶ ಗಟ್ಟಿಯಾಗುವ ಅಪರೂಪದ ಕಾಯಿಲೆಗಳಿವೆ. ಅಂಥವರಿಗೆ ಆಸ್ಪತ್ರೆಯಲ್ಲಿ ಟೆಲೊಮಿಯರ್ ಪರೀಕ್ಷೆ ನಿಜಕ್ಕೂ ಬೇಕು. ಮಾವನಿಗೆ ಬೇಕಿರಲಿಲ್ಲ.

ಟೆಲೊಮಿಯರ್ ಉದ್ದ ಮಾಡುತ್ತೇವೆ ಅಂತ ಮಾತ್ರೆ ಮಾರುವವರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದು ಬೇಡ ಅನ್ನಿಸುತ್ತದೆ.

ತುದಿಯೇ ಇಲ್ಲದ ಬಾಡಿಗೆದಾರರು

ಫೈಲಿನ ಎರಡನೇ ಭಾಗ ಹೊಟ್ಟೆಯದ್ದು. ನಮ್ಮ ಮೈಯಲ್ಲಿ ಇರುವ ಬ್ಯಾಕ್ಟೀರಿಯಾಗಳು ನಮ್ಮ ಸ್ವಂತ ಜೀವಕೋಶಕ್ಕಿಂತ ಹತ್ತು ಪಟ್ಟು ಅಂತ ನಾವು ಓದುವಾಗ ಬಾಯಿಪಾಠ ಮಾಡಿದ್ದೆವು. 2016ರಲ್ಲಿ ಇಸ್ರೇಲಿನ ರಾನ್ ಮಿಲೋ ತಂಡ ಕೂತು ಲೆಕ್ಕ ಹಾಕಿತು. ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ. ಹತ್ತಿರ ಹತ್ತಿರ ಸಮಪಾಲು. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ.

ಇಲ್ಲೊಂದು ತಮಾಷೆ ಇದೆ. ಹೆಚ್ಚಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ದಾರವಲ್ಲ, ಬಳೆ. ದುಂಡಗೆ. ತುದಿಯೇ ಇಲ್ಲದ ಮೇಲೆ ಸವೆಯುವುದೇನು? ಟೆಲೊಮಿಯರ್ ಎಂಬ ತಲೆನೋವು ಅವಕ್ಕಿಲ್ಲ. ದಿನದಿನ ತುದಿ ಸವೆಯುತ್ತಿರುವ ಮನೆಯಲ್ಲಿ, ತುದಿಯೇ ಇಲ್ಲದವರು ಬಾಡಿಗೆಗೆ ಇದ್ದಾರೆ. ಮನೆ ಎಷ್ಟು ಬೇಗ ಹಳೆಯದಾಗುತ್ತದೆ ಅನ್ನುವುದರಲ್ಲಿ ಈ ಬಾಡಿಗೆದಾರರ ಕೈವಾಡ ಎಷ್ಟು?

ಇದು ಇವತ್ತಿನ ಪ್ರಶ್ನೆಯಲ್ಲ. ರಷ್ಯಾ ಮೂಲದ ವಿಜ್ಞಾನಿ ಎಲೀ ಮೆಚ್ನಿಕಾಫ್, 1908ರ ನೊಬೆಲ್ ಪಡೆದವರು, ಮುಪ್ಪು ಬರುವುದೇ ಕರುಳಿನ ಕೆಟ್ಟ ಸೂಕ್ಷ್ಮಜೀವಿಗಳಿಂದ ಅಂದಿದ್ದರು. ಬಲ್ಗೇರಿಯಾದ ರೈತರು ಮೊಸರು ತಿಂದು ಬಹಳ ಕಾಲ ಬದುಕುತ್ತಾರೆ ಅಂತ ನಂಬಿ ತಾವೂ ಹುಳಿ ಹಾಲು ಕುಡಿದರು. 1916ರಲ್ಲಿ 71ಕ್ಕೆ ತೀರಿಕೊಂಡರು. ನಮ್ಮಲ್ಲೂ ಇಂಥ ಮಾತಿದೆ. ಕೊಡಗಿನ ಗಾಳಿ, ನೀರು, ಊಟದ ಮಹಿಮೆ ಹೇಳುವಾಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಬಂದೇ ಬರುತ್ತದೆ. 1899ರಲ್ಲಿ ಹುಟ್ಟಿ 1993ರ ತನಕ, 94 ವರ್ಷ ಬದುಕಿದವರು. ಅವರ ಶಿಸ್ತಿಗೆ ನಮಸ್ಕಾರ. ಒಬ್ಬರ ಆಯಸ್ಸಿನಿಂದ ಊರಿನ ಊಟದ ಗುಣ ತೀರ್ಮಾನವಾಗುವುದಿಲ್ಲ, ಬಲ್ಗೇರಿಯಾದಲ್ಲೂ ಅಷ್ಟೆ, ಮಡಿಕೇರಿಯಲ್ಲೂ ಅಷ್ಟೆ.

ಮೆಚ್ನಿಕಾಫ್ ಪೂರ್ತಿ ತಪ್ಪೂ ಅಲ್ಲ. ಕರುಳಿನ ಒಳಗೋಡೆ ಒಂದೇ ಪದರ ಜೀವಕೋಶ. ಅದರ ಮೇಲೆ ಲೋಳೆ. ಸೂಕ್ಷ್ಮಜೀವಿಗಳು ಇರಬೇಕಾದದ್ದು ಲೋಳೆಯ ಆಚೆ. ನಾವು ತಿಂದ ಸೊಪ್ಪು, ಕಾಳು, ತರಕಾರಿಯ ನಾರನ್ನು ನಮಗೆ ಜೀರ್ಣಿಸಲು ಆಗುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಬಿಡುತ್ತವೆ. ಕರುಳಿನ ಗೋಡೆಗೆ ಅದೇ ಊಟ. ನಾರು ಸಿಗದಿದ್ದರೆ? 2016ರಲ್ಲಿ ಇಲಿಗಳಲ್ಲಿ ನೋಡಿದ್ದಾರೆ, ಅವು ಲೋಳೆಯನ್ನೇ ತಿನ್ನಲು ತೊಡಗುತ್ತವೆ. ಹಟ್ಟಿಯಲ್ಲಿ ಹುಲ್ಲು ಹಾಕದಿದ್ದರೆ ದನ ಬೇಲಿಗೆ ಬಾಯಿ ಹಾಕುವುದಿಲ್ಲವೇ, ಹಾಗೆ. ಬೇಲಿ ತೆಳುವಾದಾಗ ಬ್ಯಾಕ್ಟೀರಿಯಾದ ಚೂರುಪಾರು ರಕ್ತಕ್ಕೆ ನುಸುಳುತ್ತದೆ. ಕಾವಲಿನ ಬಿಳಿ ರಕ್ತಕಣಗಳು ಸದಾ ಎಚ್ಚರವಾಗಿರಬೇಕಾಗುತ್ತದೆ. ಜ್ವರ ಇಲ್ಲ, ನೋವಿಲ್ಲ, ಆದರೆ ಒಳಗೆ ಸಣ್ಣ ಉರಿ ಆರುವುದೇ ಇಲ್ಲ. ಮುಪ್ಪಿನ ಜೊತೆ ಬರುವ ಈ ಉರಿಯೂತಕ್ಕೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಹೆಸರನ್ನೇ ಇಟ್ಟರು, ಇನ್‌ಫ್ಲಮೇಜಿಂಗ್ ಅಂತ.

ಮಾವನ ಎರಡು ರಿಪೋರ್ಟ್‌ಗಳು ಒಂದಕ್ಕೊಂದು ತಾಗುವುದು ಇಲ್ಲೇ. ಕಾವಲುಗಾರರು ಸದಾ ಕೆಲಸದಲ್ಲಿದ್ದರೆ ಅವರ ಸಂಖ್ಯೆ ಹೆಚ್ಚಿಸಬೇಕು. ಹೆಚ್ಚಿಸಲು ಜೀವಕೋಶ ಒಡೆಯಬೇಕು. ಒಡೆದಾಗಲೆಲ್ಲ ತುದಿ ಸವೆಯುತ್ತದೆ. ಉರಿಯೂತದಲ್ಲಿ ಹುಟ್ಟುವ ರಾಸಾಯನಿಕಗಳು ಟೆಲೊಮಿಯರ್‌ನ ‘ಜಿ’ ಅಕ್ಷರಗಳನ್ನು ಬೇಗ ಕೆಡಿಸುತ್ತವೆ. ರಕ್ತದಲ್ಲಿ ಅಳೆದ ಟೆಲೊಮಿಯರ್ ಗಿಡ್ಡವಾಗಿದ್ದರೆ, ಅದು ಆಯಸ್ಸಿನ ಗಡಿಯಾರ ಅನ್ನುವುದಕ್ಕಿಂತ ಕಾವಲುಗಾರರು ಎಷ್ಟು ದಣಿದಿದ್ದಾರೆ ಅನ್ನುವ ಹಾಜರಿ ಪುಸ್ತಕ ಅಂದರೆ ಸರಿಯಾದೀತು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡಾನ್ ಬೌಡಿಶ್ ತಂಡ 2017ರಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳನ್ನು ನೋಡಿತು. ಅವಕ್ಕೆ ವಯಸ್ಸಾದರೂ ಆ ಉರಿ ಏರಲಿಲ್ಲ. ಮುದಿ ಇಲಿಗಳ ಸೂಕ್ಷ್ಮಜೀವಿಗಳನ್ನು ಅವಕ್ಕೆ ಹಾಕಿದಾಗ ಏರಿತು. ಅದೇ ವರ್ಷ ಜರ್ಮನಿಯಲ್ಲಿ ಡೇರಿಯೊ ವ್ಯಾಲೆನ್ಸಾನೊ ತಂಡ ಕಿಲ್ಲಿಫಿಶ್ ಎಂಬ, ಕೆಲವೇ ತಿಂಗಳು ಬದುಕುವ ಆಫ್ರಿಕಾದ ಮೀನಿಗೆ ಎಳೆ ಮೀನಿನ ಕರುಳಿನ ಸೂಕ್ಷ್ಮಜೀವಿಗಳನ್ನು ಕೊಟ್ಟಿತು. ನಡುವಯಸ್ಸಿನ ಮೀನುಗಳು ಹೆಚ್ಚು ಕಾಲ ಬದುಕಿದವು.

ಇದೇ ದಾರಿ ತಿರುಗಿ ಟೆಲೊಮಿಯರ್‌ನಿಂದ ಕರುಳಿಗೂ ಇದೆ. ಕರುಳಿನ ಗೋಡೆಯ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತವೆ. ಮೈಯಲ್ಲಿ ಅಷ್ಟು ಬೇಗ ಒಡೆಯುವ ಜಾಗ ಕಡಿಮೆ. ಫ್ರಾನ್ಸಿನ ಮಿಗೆಲ್ ಗೊಡಿನ್ಹೊ ಫೆರೇರಾ ತಂಡ 2023ರಲ್ಲಿ ಟೆಲೊಮರೇಸ್ ಇಲ್ಲದ ಜೀಬ್ರಾಫಿಶ್‌ಗಳಿಗೆ ಅದನ್ನು ಬರೀ ಕರುಳಿನಲ್ಲಿ ಮಾತ್ರ ವಾಪಸ್ ಕೊಟ್ಟಿತು. ಕರುಳು ಸರಿಯಾಯಿತು. ಕರುಳಿನ ಸೂಕ್ಷ್ಮಜೀವಿಗಳ ಗುಂಪೂ ಸರಿಯಾಯಿತು. ಕೈಯನ್ನೇ ಹಾಕದ ಬೇರೆ ಅಂಗಗಳೂ ಸುಧಾರಿಸಿದವು. ಈ ವಿಷಯದಲ್ಲಿ ನನಗೆ ಅತಿ ಇಷ್ಟದ ಪ್ರಯೋಗ ಇದು. ಆದರೂ ಮೀನು ಮೀನೇ, ಮಾವ ಮಾವನೇ.

ಮನುಷ್ಯರಲ್ಲಿ ಎರಡನ್ನೂ ಒಟ್ಟಿಗೆ ನೋಡಿದ ಒಂದು ಕೆಲಸ ನಾಸಾದ ಅವಳಿ ಅಧ್ಯಯನ. ಸ್ಕಾಟ್ ಕೆಲ್ಲಿ 2015–16ರಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದರು, ಅವಳಿ ಅಣ್ಣ ಮಾರ್ಕ್ ಭೂಮಿಯಲ್ಲಿ. ಮೇಲಿದ್ದಾಗ ಸ್ಕಾಟ್ ಅವರ ಟೆಲೊಮಿಯರ್ ಉದ್ದವಾಯಿತು! ಕೆಳಗೆ ಬಂದ ಕೂಡಲೇ ಇಳಿಯಿತು, ತೀರಾ ಗಿಡ್ಡವಾದ ತುದಿಗಳು ಮೊದಲಿಗಿಂತ ಜಾಸ್ತಿಯಾದವು. ಕರುಳಿನ ಸೂಕ್ಷ್ಮಜೀವಿಗಳೂ ಮೇಲೆ ಬದಲಾಗಿ, ಬಂದ ಮೇಲೆ ಮೊದಲಿನಂತಾದವು. ಮೂಳೆ ಸವೆಸುವ, ವಿಕಿರಣ ಬೀಳುವ ಜಾಗದಲ್ಲಿ ಟೆಲೊಮಿಯರ್ ಉದ್ದವಾಗುತ್ತದೆ ಅಂದರೆ, ಆ ಅಂಕಿಯನ್ನು ‘ಯೌವನ’ ಅಂತ ಓದುವುದು ಹೇಗೆ?

ಕಣಿಲೆ, ಕಾಫಿ, ಹಲ್ಲು

ಇಷ್ಟು ಕೇಳಿದ ಮೇಲೆ ಮಾವನ ಪ್ರಶ್ನೆ ನೇರವಾಗಿತ್ತು. “ಅದೆಲ್ಲ ಇರ್ಲಿ, ನಮ್ಮ ಊಟ ಒಳ್ಳೇದಾ ಕೆಟ್ಟದ್ದಾ?”

ನಮ್ಮ ಊಟಕ್ಕೆ ಸುಮ್ನೆ ಜೈ ಅನ್ನುವ ಮನಸ್ಸು ನನಗಿಲ್ಲ. ಕಡಂಬಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿ. ಅದೂ ಪಾಲಿಶ್ ಮಾಡಿದ ಅಕ್ಕಿಯಾದರೆ ನಾರು ಕಡಿಮೆ. ಪಂದಿ ಕರಿಯಲ್ಲಿ ನಾರೇ ಇಲ್ಲ. ಅದಕ್ಕೆ ಹಾಕುವ ಕಾಚಂಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು. ಹುಳಿ ಇದೆ ಅಂದ ಮಾತ್ರಕ್ಕೆ ಮೊಸರಿನ ಹಾಗೆ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ. ಆದರೆ ಮಳೆಗಾಲದ ಅಡುಗೆಮನೆ ಬೇರೆಯೇ. ಕೆಸದ ಎಲೆ, ತೋಟದ ಬದುವಿನ ಸೊಪ್ಪುಗಳು, ಅಣಬೆ, ಹಲಸಿನ ಬೀಜ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ಹಾಕಿಟ್ಟು, ದಿನಾ ನೀರು ಬದಲಿಸಿದರೆ ಅದರ ಕಹಿ, ವಿಷದ ಅಂಶ ಹೋಗುತ್ತದೆ, ಸಣ್ಣಗೆ ಹುಳಿ ವಾಸನೆ ಬರುತ್ತದೆ. ಬೇಯಿಸಿದ ಮೇಲೆ ಅದರ ಸೂಕ್ಷ್ಮಜೀವಿಗಳು ಉಳಿಯುವುದಿಲ್ಲ ನಿಜ. ನಾರು ಉಳಿಯುತ್ತದೆ.

ಸ್ಟ್ಯಾನ್‌ಫರ್ಡ್‌ನಲ್ಲಿ 2021ರಲ್ಲಿ 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ಮೊಸರಿನಂಥ ಹುಳಿ ಬಂದ ಆಹಾರ ಜಾಸ್ತಿ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು, ಉರಿಯೂತದ ಗುರುತುಗಳು ಇಳಿದವು. ನಾರು ಜಾಸ್ತಿ ತಿಂದವರಲ್ಲಿ ಬಗೆ ಹೆಚ್ಚಲಿಲ್ಲ. ಇದನ್ನು ಓದಿ ನಾರು ದಂಡ ಅಂತ ತಿಳಿಯಬಾರದು. 36 ಜನ, ಹತ್ತು ವಾರ, ಅಷ್ಟೇ. ನಮ್ಮ ಮಗ್ಗುಲಿನ ಕೇರಳದ್ದೂ ಒಂದು ಲೆಕ್ಕವಿದೆ. ಭೋಪಾಲದ ಐಸರ್ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಭೋಪಾಲ ಮತ್ತು ಕೇರಳದ 110 ಜನರನ್ನು ಹೋಲಿಸಿದರು. ಹೆಚ್ಚಾಗಿ ಸಸ್ಯಾಹಾರದ ಭೋಪಾಲದಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಜಾಸ್ತಿ, ಮೀನು ಮಾಂಸದ ಊಟದ ಕೇರಳದಲ್ಲಿ ಬೇರೆ ಗುಂಪು. ಇಬ್ಬರೂ ಆರೋಗ್ಯವಂತರೇ. ಹಾಗಿರುವಾಗ ‘ಒಳ್ಳೆಯ ಹೊಟ್ಟೆ’ಗೆ ನೂರಕ್ಕೆ ನೂರು ಯಾರನ್ನು ನೋಡಿ ಇಟ್ಟರು? ಮಾವನಿಗೆ 54 ಕೊಟ್ಟವರ ರಿಪೋರ್ಟ್‌ನಲ್ಲಿ ಅದು ಎಲ್ಲೂ ಇರಲಿಲ್ಲ. ಇಂಥ ಕಿಟ್‌ಗಳಿಗೆ ಹಿಡಿತ ಬೇಕು ಅಂತ 2024ರಲ್ಲಿ ಅಮೆರಿಕದ ತಜ್ಞರು ಸೈನ್ಸ್ ಪತ್ರಿಕೆಯಲ್ಲೇ ಬರೆದರು.

ಕಾಫಿಯ ವಿಷಯ ಬಿಟ್ಟರೆ ಕೊಡಗಿನಲ್ಲಿ ಯಾರೂ ಕ್ಷಮಿಸುವುದಿಲ್ಲ. 2024ರಲ್ಲಿ 22,000ಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನವೊಂದು ಬಂತು. ಕಾಫಿ ಕುಡಿಯುವವರ ಕರುಳಿನಲ್ಲಿ ಲಾಸೊನಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಪಟ್ಟು ಜಾಸ್ತಿ. ಮಲದ ಸ್ಯಾಂಪಲ್ ನೋಡಿ ಇವರು ಕಾಫಿ ಕುಡಿಯುತ್ತಾರೋ ಇಲ್ಲವೋ ಹೇಳಬಹುದು ಅನ್ನುವಷ್ಟು. ಟೆಲೊಮಿಯರ್ ಲೆಕ್ಕ ಮಾತ್ರ ಗೊಂದಲ. ಅಮೆರಿಕದ ನರ್ಸ್‌ಗಳನ್ನು ನೋಡಿದ 2016ರ ಅಧ್ಯಯನದಲ್ಲಿ ಜಾಸ್ತಿ ಕಾಫಿ ಕುಡಿದವರ ಟೆಲೊಮಿಯರ್ ಉದ್ದ. ಬ್ರಿಟನ್ನಿನ ಲಕ್ಷಾಂತರ ಜನರ ಮಾಹಿತಿ ಇಟ್ಟು 2023ರಲ್ಲಿ ನೋಡಿದಾಗ ಇನ್‌ಸ್ಟಂಟ್ ಕಾಫಿ ಕುಡಿಯುವವರದ್ದು ಗಿಡ್ಡ. ‘ನಮ್ಮದು ಬೆಲ್ಲದ ಕಾಫಿ, ಇನ್‌ಸ್ಟಂಟ್ ಅಲ್ಲ’ ಅಂತ ಖುಷಿ ಪಡುವವರಿಗೆ ಒಂದು ಮಾತು: ಇನ್‌ಸ್ಟಂಟ್ ಪುಡಿಗೆ ಹೆಚ್ಚಾಗಿ ಹೋಗುವುದು ರೋಬಸ್ಟಾ, ನಮ್ಮ ತೋಟದಲ್ಲಿ ಬೆಳೆಯುವಂಥದ್ದೇ.

ವಯಸ್ಸಾದವರ ಬಗ್ಗೆ ನನಗೆ ಮುಖ್ಯ ಅನ್ನಿಸಿದ್ದು ಐರ್ಲೆಂಡಿನಲ್ಲಿ ನಡೆದದ್ದು. ಅಲ್ಲಿ 2012ರಲ್ಲಿ 178 ಹಿರಿಯರ ಕರುಳಿನ ಸೂಕ್ಷ್ಮಜೀವಿಗಳನ್ನೂ ಊಟವನ್ನೂ ಒಟ್ಟಿಗೆ ನೋಡಿದರು. ಊರಲ್ಲಿ ತಮ್ಮ ಮನೆಯಲ್ಲಿ ಇರುವವರ ಹೊಟ್ಟೆ ಒಂದು ರೀತಿ, ಆರೈಕೆ ಕೇಂದ್ರದಲ್ಲಿ ಬಹಳ ಕಾಲದಿಂದ ಇರುವವರದ್ದು ಇನ್ನೊಂದು. ಊಟದ ಬಗೆ ಕಡಿಮೆಯಾದಂತೆ ಸೂಕ್ಷ್ಮಜೀವಿಗಳ ಬಗೆ ಕಡಿಮೆ, ಉರಿಯೂತ ಜಾಸ್ತಿ, ನಿಶ್ಶಕ್ತಿ ಜಾಸ್ತಿ. 2020ರಲ್ಲಿ ಯೂರೋಪಿನ ಐದು ದೇಶಗಳ 612 ಹಿರಿಯರನ್ನು ನೋಡಿದರು. ಅವರಲ್ಲಿ ಒಂದು ವರ್ಷ ತರಕಾರಿ, ಕಾಳು, ಹಣ್ಣು, ಮೀನಿನ ಊಟ ಮಾಡಿದವರ ಕರುಳು ಬದಲಾಯಿತು, ನಿಶ್ಶಕ್ತಿಯೂ ಕಡಿಮೆಯಾಯಿತು.

ಅದನ್ನು ಹೇಳುವಾಗ ಮಾವನ ತಟ್ಟೆ ನೋಡಿದೆ. ಪಾಯಸ ಖಾಲಿಯಾಗಿತ್ತು. ಕಣಿಲೆ ಪಲ್ಯ, ಕಡಲೆ ಹಾಗೇ ಬದಿಗೆ ಸರಿದಿತ್ತು. ಕೇಳಿದರೆ, ದವಡೆಯ ನಾಲ್ಕು ಹಲ್ಲು ತೆಗೆಸಿ ಒಂದೂವರೆ ವರ್ಷವಂತೆ. ಉಳಿದದ್ದರಲ್ಲಿ ಅಗಿಯಲು ಆಗುವುದಿಲ್ಲ. ಬೆಳಗ್ಗೆ ಹಾಲಲ್ಲಿ ಅದ್ದಿದ ಬ್ರೆಡ್, ಮಧ್ಯಾಹ್ನ ಮೆತ್ತಗಿನ ಅನ್ನ ತಿಳಿಸಾರು, ರಾತ್ರಿ ಗಂಜಿ. ಅತ್ತೆ ಇದ್ದಾಗ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಯಿಸಿ ಹಾಕುತ್ತಿದ್ದರು. ಈಗ ಕೆಲಸದ ಹುಡುಗ ಏನು ಮಾಡಿದರೆ ಅದು. ಜೂನ್, ಜುಲೈ ಮಳೆಯಲ್ಲಿ ಕರೆಂಟ್ ಇಲ್ಲದೆ ವಾರ ಕಳೆದಾಗ ಅದೂ ಇಲ್ಲ. ಕೊಡಗಿನಲ್ಲಿ ಇಂಥ ಮನೆ ಇದೊಂದೇ ಅಲ್ಲ. ದೊಡ್ಡ ಮನೆ, ತೋಟ, ಒಬ್ಬರೋ ಇಬ್ಬರೋ ವಯಸ್ಸಾದವರು, ಮಕ್ಕಳು ಫೋನಿನಲ್ಲಿ. ಐರ್ಲೆಂಡಿನ ಆರೈಕೆ ಕೇಂದ್ರದ ಊಟವನ್ನು ನಾವು ಮನೆಯಲ್ಲೇ ಉಣ್ಣುತ್ತಿದ್ದೇವೆ.

ಮಾವನ ಹೊಟ್ಟೆಗೆ 54 ಬಂದದ್ದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಒಂದು ಸಲದ ಸ್ಯಾಂಪಲ್ ನೋಡಿ ಅಷ್ಟು ಹೇಳಲು ಆ ಕಂಪನಿಗೂ ಸಾಧ್ಯವಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಊರಿನ ಜನರನ್ನು ವರ್ಷಗಟ್ಟಲೆ ಬಿಡದೆ ನೋಡುವುದು. ಅದು ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಹಾಗೆ ನೋಡುತ್ತಿದೆ. ಅದೇ ಸಂಸ್ಥೆಯಲ್ಲಿ ಲಾಂಗೆವಿಟಿ ಇಂಡಿಯಾ ಎಂಬ ಯೋಜನೆಯೂ ಇದೆ. ಭಾರತೀಯರಿಗೆ ಮುಪ್ಪು ಹೇಗೆ ಬರುತ್ತದೆ ಅಂತ ಭಾರತೀಯರ ಅಂಕಿಗಳಿಂದಲೇ ತಿಳಿಯುವುದು ಅದರ ಉದ್ದೇಶ. ಯೂರೋಪಿನವರ ಗೆರೆಯ ಮೇಲೆ ಸುಂಟಿಕೊಪ್ಪದವರನ್ನು ನಿಲ್ಲಿಸುವುದು ಆಗ ತಪ್ಪೀತು.

ಎರಡು ವಾರ ಬಿಟ್ಟು ಮಾವ ಫೋನ್ ಮಾಡಿದರು. ಮಗ ಆರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ, ಮಾತ್ರೆಯನ್ನೂ ತರಿಸುತ್ತೇನೆ ಅಂದನಂತೆ. ಆ ದುಡ್ಡು ಇತ್ಲಾಗಿ ಕೊಡು ಅಂತ ಇವರು ಇಸ್ಕೊಂಡರಂತೆ.

“ಮಡಿಕೇರಿಗೆ ಹೋಗಿ ಹಲ್ಲಿನ ಸೆಟ್‌ಗೆ ಅಳತೆ ಕೊಟ್ಟು ಬಂದೆ. ಇನ್ನೂ ಎರಡು ಸಲ ಹೋಗ್ಬೇಕಂತೆ. ಕೈಲ್‌ಪೊಳ್ದ್ ಹಬ್ಬದ ಒಳಗೆ ಆಗೋದಿಲ್ಲ, ಹುತ್ತರಿ ಹಬ್ಬದ ಹೊತ್ತಿಗೆ ಕಡಲೆ ಅಗಿಬಹುದು ಅಂದ್ರು.”

“ಫೈಲ್ ಏನು ಮಾಡಿದ್ರಿ ಮಾವ?”

“ಮಣ್ಣು ಪರೀಕ್ಷೆ ರಿಪೋರ್ಟ್ ಜೊತೆ ಇಟ್ಟಿದ್ದೇನೆ. ಅದ್ರಲ್ಲಾದ್ರೆ ಸುಣ್ಣ ಎಷ್ಟು ಹಾಕ್ಬೇಕು ಅಂತ ಬರೆದಿತ್ತು.”